ಹಿಂಡಿನ ಬಾಣಂತನ ಮತ್ತು ಕಾಕನಕೋಟೆಯ ಖೆಡ್ಡಾ

ಕಾಡಾನೆಯ ಹಿಂಡಿನಲ್ಲಿ ಮರಿ ಹುಟ್ಟಿತೆಂದರೆ ತಾಯಿಯ ಜೊತೆ ಇಡೀ ಹಿಂಡು ಎರಡು ದಿನ ಅದೇ ಜಾಗದಲ್ಲಿ ನಿಲ್ಲುತ್ತದೆ. ಮರಿಯ ಕಾಲಿಗೆ ನಡೆಯುವ ಕಸುವು ಬಂದ ಮೇಲೆಯೇ ಮುಂದಕ್ಕೆ ಹೊರಡುತ್ತದೆ. ಮೈಸೂರು ಸೀಮೆಯಲ್ಲಿ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದು, ಮುಂದೆ ಆನೆ ಹಿಡಿಸುವುದರಲ್ಲೇ ಹೆಸರಾದ ಜಿ.ಪಿ. ಸ್ಯಾಂಡರ್ಸನ್ ಈ ಸಂಗತಿಯನ್ನು 1878ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅವನಿಗೆ ಹೆಜ್ಜೆ ಗುರುತು ತೋರಿಸಿಕೊಟ್ಟ ಕುರುಬರಿಗೂ ಸೋಲಿಗರಿಗೂ ಇದು ಹೊಸ ಸುದ್ದಿಯೇನಾಗಿರಲಿಲ್ಲ. ಆನೆಹಿಂಡು ತನ್ನ ಮರಿಯನ್ನು ಸಾಕುವ ರೀತಿಯನ್ನು ನೋಡಿ ತಿಳಿದ ಮನುಷ್ಯನ ಅರಿವೂ ಬಹಳ ಹಳೆಯದು. ಆ ಅರಿವು ಒಂದು ಕಾಲದಲ್ಲಿ ಕಟ್ಟಳೆಯಾಯಿತು, ಇನ್ನೊಂದು ಕಾಲದಲ್ಲಿ ಬಲೆಯಾಯಿತು, ನಮ್ಮ ಕಾಲದಲ್ಲಿ ರಕ್ಷಣೆಯ ಶಾಸ್ತ್ರವಾಗುತ್ತಿದೆ. ಮೈಸೂರು ಸೀಮೆಯ ಕಾಡುಗಳಲ್ಲಿ ಈ ಮೂರೂ ಘಟ್ಟಗಳನ್ನು ಗುರುತಿಸಬಹುದು.

ಕಾಡಿನೊಳಗಿನ ಬಾಣಂತನ

ಏಷ್ಯಾದ ಆನೆ ಗರ್ಭ ಹೊರುವುದು ಸುಮಾರು 20ರಿಂದ 22 ತಿಂಗಳು. ನೆಲದ ಮೇಲಿನ ಪ್ರಾಣಿಗಳಲ್ಲಿ ಇಷ್ಟು ದೀರ್ಘವಾದ ಬಸಿರು ಇನ್ನೊಂದಿಲ್ಲ. ಸ್ಯಾಂಡರ್ಸನ್ನನ ಕಾಲದ ಮಾವುತರು ಗಂಡು ಮರಿಗೆ 22 ತಿಂಗಳು, ಹೆಣ್ಣು ಮರಿಗೆ 18 ತಿಂಗಳು ಎಂದು ನಂಬಿದ್ದರು. ಹುಟ್ಟಿದ ಮರಿಯ ತೂಕ ನೂರು ಕಿಲೋ ಆಸುಪಾಸು, ಎತ್ತರ ಮೂರು ಅಡಿ. ಸ್ಯಾಂಡರ್ಸನ್ ತಾನೇ ಅಳೆದು ಬರೆದಿಟ್ಟ ಲೆಕ್ಕವೂ ಇದಕ್ಕೆ ಹತ್ತಿರದ್ದೇ: ಭುಜದವರೆಗೆ 36 ಅಂಗುಲ, ಎರಡನೆಯ ದಿನದ ತೂಕ ಸರಾಸರಿ 200 ಪೌಂಡು, ಸೊಂಡಿಲಿನ ಉದ್ದ ಬರೀ 10 ಅಂಗುಲ.

ಆ ಹತ್ತು ಅಂಗುಲದ ಸೊಂಡಿಲು ಮರಿಗೆ ಆರಂಭದಲ್ಲಿ ಏನೂ ಉಪಯೋಗಕ್ಕೆ ಬಾರದು. ಅದು ಅತ್ತಿತ್ತ ತೂಗಾಡುತ್ತದೆ, ಕೆಲವೊಮ್ಮೆ ಮರಿಯ ಕಾಲಿಗೇ ಸಿಕ್ಕಿಕೊಳ್ಳುತ್ತದೆ. ತಾಯಿಯ ಮೊಲೆಗಳು ಮುಂಗಾಲುಗಳ ನಡುವೆ ಇರುತ್ತವೆ. ಮರಿ ಸೊಂಡಿಲನ್ನು ಪಕ್ಕಕ್ಕೋ ಮೇಲಕ್ಕೋ ಸರಿಸಿ, ಬಾಯಿಟ್ಟೇ ಹಾಲು ಕುಡಿಯುತ್ತದೆ. ಸೊಂಡಿಲಿನಿಂದ ನೀರು ಹೀರುವುದು, ಹುಲ್ಲು ಕೀಳುವುದು, ಕಿತ್ತ ಹುಲ್ಲನ್ನು ಮುಂಗಾಲಿಗೆ ಬಡಿದು ಮಣ್ಣು ಕೊಡಹುವುದು, ಇವೆಲ್ಲ ತಿಂಗಳುಗಟ್ಟಲೆ ದೊಡ್ಡವರನ್ನು ನೋಡಿ ನೋಡಿ ಕಲಿಯುವ ವಿದ್ಯೆಗಳು. ಎಳೆಯ ಮರಿ ತಾಯಿಯ ಲದ್ದಿಯನ್ನೂ ತಿನ್ನುತ್ತದೆ. ಸೊಪ್ಪು ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆಗೆ ಸೇರುವುದು ಆ ದಾರಿಯಲ್ಲೇ.

ಹೆರಿಗೆಯ ಹೊತ್ತಿಗೆ ಹಿಂಡಿನ ಇತರ ಹೆಣ್ಣಾನೆಗಳು ತಾಯಿಯ ಸುತ್ತ ಸೇರುತ್ತವೆ. ಮರಿ ನೆಲಕ್ಕೆ ಬಿದ್ದೊಡನೆ ಸೊಂಡಿಲುಗಳು ಅದರ ಮೈಯನ್ನು ಮುಟ್ಟುತ್ತವೆ, ಮೂಸುತ್ತವೆ. ತಾಯಿ ಕಾಲಿನಿಂದಲೂ ಸೊಂಡಿಲಿನಿಂದಲೂ ಮೆಲ್ಲನೆ ತಳ್ಳಿ ಅದನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಮರಿ ತಡವರಿಸುತ್ತ ಎದ್ದು ನಿಂತು ಮೊಲೆ ಹುಡುಕುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ತಾಯಿಯ ಹೊಟ್ಟೆಯ ಅಡಿಯೇ ಮನೆ. ಬಿಸಿಲಿಗೆ ನೆರಳು, ಮಳೆಗೆ ಮಾಡು, ಹುಲಿಯ ಕಣ್ಣಿಗೆ ಮರೆ, ಎಲ್ಲವೂ ಅದೇ. ಇನ್ನೂ ಹೆರದ ಎಳೆಯ ಹೆಣ್ಣಾನೆಗಳು ಚಿಕ್ಕಮ್ಮಂದಿರಂತೆ ಮರಿಯ ಬೆನ್ನಿಗಿರುತ್ತವೆ. ಅದು ಕೆಸರಿನಲ್ಲಿ ಸಿಕ್ಕರೆ ಎತ್ತುತ್ತವೆ, ಮಲಗಿದರೆ ಸುತ್ತ ನಿಂತು ಕಾಯುತ್ತವೆ, ಕೂಗಿದರೆ ಓಡಿಬರುತ್ತವೆ. ಮುಂದೆ ತಾವು ತಾಯಿಯಾದಾಗ ಬೇಕಾಗುವ ಪಾಠವನ್ನು ಅವು ಕಲಿಯುವುದೂ ಇಲ್ಲೇ.

ಅಪಾಯದ ಸುಳಿವು ಸಿಕ್ಕಿದರೆ ಹಿಂಡು ಚದುರುವುದಿಲ್ಲ, ಇನ್ನಷ್ಟು ಒತ್ತಾಗಿ ಸೇರುತ್ತದೆ. ಮರಿಗಳು ನಡುವಿಗೆ, ದೊಡ್ಡ ಹೆಣ್ಣಾನೆಗಳು ಹೊರಸುತ್ತಿಗೆ. ಕಿವಿ ಅಗಲಿಸಿ, ಸೊಂಡಿಲೆತ್ತಿ, ಗಾಳಿಯ ವಾಸನೆ ಹಿಡಿಯುತ್ತ ನಿಂತ ಆ ಸಾಲು ಮರಿಯ ಸುತ್ತ ಕಟ್ಟಿದ ಕೋಟೆಯಂತಿರುತ್ತದೆ. ಹಿಂಡನ್ನು ನಡೆಸುವುದು ಸಲಗವಲ್ಲ, ಹಿರಿಯ ಹೆಣ್ಣಾನೆ. ಗಂಡುಗಳು ಹದಿಹರೆಯಕ್ಕೆ ಬಂದಂತೆ ಹಿಂಡು ಬಿಟ್ಟು ಬೇರೆಯಾಗುತ್ತವೆ. ಹೊಳೆ ದಾಟುವಾಗ ತೀರ ಎಳೆಯ ಮರಿಯನ್ನು ತಾಯಿ ಸೊಂಡಿಲಿನ ಆಸರೆಯಲ್ಲಿ ತನ್ನ ಮುಂದೆ ತೇಲಿಸಿಕೊಂಡು ಹೋಗುತ್ತದೆ. ಕೆಲವು ತಿಂಗಳು ತುಂಬಿದ ಮರಿ ತಾಯಿಯ ಭುಜವೇರಿ ಕೂರುತ್ತದೆ, ಇಲ್ಲವೇ ತಾನೇ ಈಜುತ್ತದೆ. ಸ್ಯಾಂಡರ್ಸನ್ ಇದನ್ನೂ ಕಂಡು ಬರೆದಿದ್ದಾನೆ.

ಒಂದು ಹೆಣ್ಣಾನೆ ಎರಡು ಹೆರಿಗೆಗಳ ನಡುವೆ ನಾಲ್ಕೈದು ವರ್ಷ ಬಿಡುತ್ತದೆ. ಮರಿಗೆ ಎರಡು ಮೂರು ವರ್ಷವಾಗುವವರೆಗೂ ಹಾಲು ಬೇಕು. ಇಷ್ಟು ನಿಧಾನವಾಗಿ ಬೆಳೆಯುವ ವಂಶದಲ್ಲಿ ಒಂದೊಂದು ಮರಿಯೂ ಹಿಂಡಿಗೆ ವರ್ಷಗಳ ದುಡಿಮೆ. ಹಿಂಡು ಅದಕ್ಕಾಗಿ ಜೀವ ಕೊಡಲು ಸಿದ್ಧವಾಗುವುದರ ಮೂಲ ಇಲ್ಲಿದೆ.

ಹಳೆಯ ಕಟ್ಟಳೆ

ಆನೆ ಹಿಡಿಯುವುದು ಭಾರತದಲ್ಲಿ ರಾಜರ ಕಸುಬು. ಆ ಕಸುಬಿನ ಅತಿ ಹಳೆಯ ನಿಯಮಗಳಲ್ಲೇ ತಾಯಿ ಮತ್ತು ಮರಿಯ ಮಾತು ಬರುತ್ತದೆ. ಕೌಟಿಲ್ಯನ 'ಅರ್ಥಶಾಸ್ತ್ರ'ವು ಗಜಾಧ್ಯಕ್ಷನ ಕೆಲಸವನ್ನು ವಿವರಿಸುವಾಗ ಯಾವ ಆನೆಗಳನ್ನು ಹಿಡಿಯಬಾರದೆಂದು ಪಟ್ಟಿ ಕೊಡುತ್ತದೆ. ಹಾಲು ಕುಡಿಯುವ ಮರಿ, ಗರ್ಭಿಣಿ, ಹಾಲೂಡಿಸುವ ತಾಯಿ, ಕಾಯಿಲೆಯ ಆನೆ ಎಲ್ಲವೂ ಅದರಲ್ಲಿವೆ. ಇಪ್ಪತ್ತು ವರ್ಷದ ಆನೆ ಹಿಡಿಯಲು ಯೋಗ್ಯ ಎಂಬುದು ಅದರ ಅಭಿಪ್ರಾಯ. ಆನೆಯನ್ನು ಕೊಂದವನಿಗೆ ಮರಣದಂಡನೆ. ಆನೆಗಳಿಗೆಂದೇ ಕಾವಲಿರುವ ಕಾಡನ್ನು ಅದು ಹಸ್ತಿವನ, ನಾಗವನ ಎಂದು ಕರೆಯುತ್ತದೆ.

ಮೌರ್ಯರ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನ ಮಾತುಗಳನ್ನು ಆಧರಿಸಿ ಬರೆದ ಗ್ರೀಕ್ ಲೇಖಕ ಅರಿಯನ್, ಸುತ್ತ ಕಂದಕ ತೋಡಿ, ಒಳಗೆ ಪಳಗಿದ ಹೆಣ್ಣಾನೆಗಳನ್ನು ಬಿಟ್ಟು ಕಾಡಾನೆ ಹಿಡಿಯುವ ಭಾರತೀಯ ವಿಧಾನವನ್ನು ವರ್ಣಿಸುತ್ತಾನೆ. ಸಿಕ್ಕಿದ ಆನೆಗಳಲ್ಲಿ ತೀರ ಎಳೆಯವನ್ನೂ ಬಲಹೀನವಾದವನ್ನೂ ಮರಳಿ ಕಾಡಿಗೆ ಬಿಡುತ್ತಿದ್ದರೆಂದೂ ಹೇಳುತ್ತಾನೆ. ಹಿಡಿಯುವವನಿಗೆ ಮರಿಯಿಂದ ಲಾಭವಿಲ್ಲ, ಸಾಕುವ ಖರ್ಚೇ ಹೆಚ್ಚು ಎಂಬ ವ್ಯಾವಹಾರಿಕ ಲೆಕ್ಕವೂ ಇದರ ಹಿಂದಿದ್ದಿರಬೇಕು. ಆದರೂ ಫಲ ಒಂದೇ: ತಾಯಿ ಮರಿ ಕಾಡಿನಲ್ಲಿ ಉಳಿದರೆ ಹಿಂಡು ಉಳಿಯುತ್ತದೆ, ಹಿಂಡು ಉಳಿದರೆ ಮುಂದಿನ ಪೀಳಿಗೆಯ ಅರಸನಿಗೂ ಆನೆ ಸಿಗುತ್ತದೆ.

'ಅರ್ಥಶಾಸ್ತ್ರ' ಶ್ರೇಷ್ಠವೆಂದು ಎಣಿಸುವ ಆನೆಗಳು ಕಳಿಂಗ ಮತ್ತು ಅಂಗ ದೇಶದವು. ಇಂದಿನ ಆಂಧ್ರಪ್ರದೇಶದ ಶ್ರೀಕಾಕುಳಂ, ವಿಶಾಖಪಟ್ಟಣ, ಅನಕಾಪಲ್ಲಿಯ ಸೀಮೆ ಆ ಕಳಿಂಗದ ದಕ್ಷಿಣ ಭಾಗ. ಕಳಿಂಗವನ್ನು ಗೆದ್ದ ಅಶೋಕ, ಒಡಿಶಾದ ಧೌಳಿಯಲ್ಲಿ ಶಾಸನ ಬರೆಸಿದ ಬಂಡೆಯ ಮೇಲೆ ಆನೆಯ ಮುಂಭಾಗವನ್ನು ಕಡೆಸಿದ. ಅವನ ಐದನೆಯ ಸ್ತಂಭಶಾಸನ ಬಸಿರಾದ, ಹಾಲೂಡಿಸುವ ಕೆಲವು ಪ್ರಾಣಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಬಾರದೆನ್ನುತ್ತದೆ, ನಾಗವನದ ಹೆಸರನ್ನೂ ಎತ್ತುತ್ತದೆ. ಬಹಳ ಕಾಲದ ಮೇಲೆ ಈ ಕರಾವಳಿಯನ್ನು ಆಳಿದ ಅರಸರು ತಮ್ಮನ್ನು ಗಜಪತಿಗಳೆಂದೇ ಕರೆದುಕೊಂಡರು.

ಕನ್ನಡ ನಾಡಿನಲ್ಲೂ ಆನೆಯ ವಿದ್ಯೆಗೆ ದೊಡ್ಡ ಪರಂಪರೆಯಿದೆ. ತಲಕಾಡಿನ ಗಂಗರ ಲಾಂಛನವೇ ಆನೆ. ಗಂಗ ದೊರೆ ಶ್ರೀಪುರುಷ 'ಗಜಶಾಸ್ತ್ರ' ಬರೆದನೆಂದೂ, ಅವನ ಮಗ ಇಮ್ಮಡಿ ಶಿವಮಾರ ಕನ್ನಡದಲ್ಲಿ ರಚಿಸಿದ ಆನೆಯ ಕೃತಿ ಹೆಂಗಸರ ಒನಕೆವಾಡಾಗುವಷ್ಟು ಜನಪ್ರಿಯವಾಗಿತ್ತೆಂದೂ ಶಾಸನಗಳು ತಿಳಿಸುತ್ತವೆ. ಆ ಕೃತಿಗಳು ಇಂದು ಉಳಿದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಆನೆ ಹಿಡಿಯುವ ವಿಧಾನಗಳನ್ನು ಹೆಸರಿಟ್ಟು ವಿಂಗಡಿಸುತ್ತದೆ. ಅದರಲ್ಲಿ ಬರುವ ವಾರಿಬಂಧ, ಅಂದರೆ ಆವರಣದೊಳಗೆ ಹಿಂಡನ್ನು ಕೂಡಿ ಹಾಕುವ ಕ್ರಮ, ಮುಂದಿನ ಖೆಡ್ಡಾದ ಪೂರ್ವಿಕ. ಗುಂಡಿಗೆ ಬೀಳಿಸುವ ಕ್ರಮವನ್ನು ಆ ಗ್ರಂಥ ಒಪ್ಪುವುದಿಲ್ಲ, ಏಕೆಂದರೆ ಬಿದ್ದ ಆನೆ ಸಾಯುತ್ತದೆ. ವಿಜಯನಗರದ ಇಮ್ಮಡಿ ದೇವರಾಯನಿಗೆ 'ಗಜಬೇಂಟೆಕಾರ' ಎಂಬ ಬಿರುದಿತ್ತು. 1443ರಲ್ಲಿ ಅವನ ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ನೀರಿಗೆ ಹೋಗುವ ದಾರಿಯಲ್ಲಿ ಗುಂಡಿ ತೋಡಿ ಆನೆ ಹಿಡಿಯುವ ಪದ್ಧತಿಯನ್ನು ವರ್ಣಿಸಿದ್ದಾನೆ. ಶಾಸ್ತ್ರ ಬೇಡವೆಂದದ್ದು ರೂಢಿಯಲ್ಲಿ ಮುಂದುವರಿದೇ ಇತ್ತು.

ಗುಂಡಿಯಿಂದ ಖೆಡ್ಡಾಕ್ಕೆ

ಮೈಸೂರು, ಕೊಡಗು, ಮಲಬಾರು, ಕೊಯಮತ್ತೂರಿನ ಕಾಡುಗಳಲ್ಲಿ ಶತಮಾನಗಳ ಕಾಲ ನಡೆದದ್ದು ಗುಂಡಿಯ ಪದ್ಧತಿಯೇ. ಆನೆ ನಡೆದಾಡುವ ದಾರಿಯಲ್ಲಿ ಆಳವಾದ ಗುಂಡಿ ತೋಡಿ, ಮೇಲೆ ಗಳ, ಸೊಪ್ಪು, ಮಣ್ಣು ಹರಡುತ್ತಿದ್ದರು. ಬಿದ್ದ ಆನೆಗೆ ಕೈಕಾಲು ಮುರಿಯುವುದು ಸಾಮಾನ್ಯ. ಎಷ್ಟೋ ಆನೆಗಳು ಗುಂಡಿಯಲ್ಲೇ ಸತ್ತವು. ತಾಯಿ ಬಿದ್ದರೆ ಮರಿಗೆ ಹಾಲಿಲ್ಲ, ಮರಿ ಬಿದ್ದರೆ ತಾಯಿ ಗುಂಡಿಯ ಅಂಚು ಬಿಟ್ಟು ಕದಲುವುದಿಲ್ಲ. ಸ್ಯಾಂಡರ್ಸನ್ ಈ ಪದ್ಧತಿಯನ್ನು ಕಠಿಣವಾಗಿ ಖಂಡಿಸಿದ.

ಬಂಗಾಳ ಮತ್ತು ಅಸ್ಸಾಮಿನಲ್ಲಿ ಬಹಳ ಹಿಂದಿನಿಂದ ನಡೆಯುತ್ತಿದ್ದ ಖೆಡ್ಡಾ ಬೇರೆ ಬಗೆಯದು. ಇಡೀ ಹಿಂಡನ್ನು ಜನರ ಸರಪಳಿಯಿಂದ ಸುತ್ತುವರಿದು, ಸದ್ದು ಮಾಡುತ್ತ ನಿಧಾನವಾಗಿ ಓಡಿಸಿ, ಮರದ ದಿಮ್ಮಿಗಳ ಬಲವಾದ ದೊಡ್ಡಿಯೊಳಕ್ಕೆ ಸೇರಿಸಿ ಬಾಗಿಲು ಬೀಳಿಸುವುದು ಅದರ ಕ್ರಮ. ಮೈಸೂರಿನಲ್ಲಿ ಇಂಥದ್ದನ್ನು ಮೊದಲು ಮಾಡಲೆತ್ನಿಸಿದವನು ಹೈದರಾಲಿ. ಕಾಕನಕೋಟೆಯ ಕಾಡಿನಲ್ಲಿ ಅವನ ಪ್ರಯತ್ನ ಕೈಗೂಡಲಿಲ್ಲ. ಇಲ್ಲಿ ಆನೆ ಹಿಡಿಯುವುದು ಯಾರಿಂದಲೂ ಆಗದು, ಹಿಡಿಯಲು ಹೊರಟವರಿಗೆ ಶಾಪ ತಟ್ಟಲಿ ಎಂದು ಅವನು ಕಲ್ಲಿನ ಮೇಲೆ ಬರೆಸಿದ್ದನೆಂದೂ ಆ ಕಲ್ಲು ತನ್ನ ಕಾಲಕ್ಕೂ ನಿಂತಿತ್ತೆಂದೂ ಸ್ಯಾಂಡರ್ಸನ್ ಹೇಳುತ್ತಾನೆ.

ಸ್ಯಾಂಡರ್ಸನ್ 1873ರಲ್ಲಿ ಮೈಸೂರು ಸರ್ಕಾರದ ಒಪ್ಪಿಗೆ ಪಡೆದ. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1874ರಲ್ಲಿ ಚಾಮರಾಜನಗರದ ಬಳಿ ಹೊನ್ನುಹೊಳೆಯ ಬಯಲಿನಲ್ಲಿ, ಇಂದಿನ ಸುವರ್ಣಾವತಿಯ ದಡದಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಅವನ ಆವರಣದೊಳಗೆ ಸಿಕ್ಕಿತು. ಅವನಿಗೆ ಬೆನ್ನೆಲುಬಾಗಿದ್ದವರು ಸ್ಥಳೀಯ ಹೆಜ್ಜೆಗಾರರು. ಯಾವ ಹಿಂಡಿನಲ್ಲಿ ಎಷ್ಟು ಮರಿಗಳಿವೆ, ಹಿಂಡು ಯಾವ ಹೊತ್ತಿಗೆ ನೀರಿಗೆ ಇಳಿಯುತ್ತದೆ, ಯಾವ ಬಿದಿರು ಮೆಳೆಯಲ್ಲಿ ಹಗಲು ಕಳೆಯುತ್ತದೆ ಎಂಬುದನ್ನು ಲದ್ದಿ, ಹೆಜ್ಜೆ, ಮುರಿದ ಕೊಂಬೆ ನೋಡಿಯೇ ಹೇಳಬಲ್ಲವರು ಅವರು.

ಖೆಡ್ಡಾ ಯಶಸ್ವಿಯಾದದ್ದರ ಗುಟ್ಟು ಹಿಂಡಿನ ಸ್ವಭಾವದಲ್ಲೇ ಇತ್ತು. ಒಂಟಿ ಸಲಗ ಜನರ ಸಾಲನ್ನು ಸೀಳಿಕೊಂಡು ಪಾರಾಗಬಲ್ಲದು. ಮರಿಗಳಿರುವ ಹಿಂಡು ಹಾಗೆ ಮಾಡಲಾರದು. ಅದು ಮರಿಯ ನಡಿಗೆಗೆ ತಕ್ಕಂತೆ ನಡೆಯಬೇಕು, ಸದ್ದು ಕೇಳಿದರೆ ಒತ್ತಾಗಿ ಸೇರಬೇಕು, ಮುಂದಿರುವ ಹಿರಿಯ ಹೆಣ್ಣಾನೆ ಹೋದತ್ತಲೇ ಹೋಗಬೇಕು. ಹುಲಿಯಿಂದ ಮರಿಯನ್ನು ಉಳಿಸುವ ಈ ಒಗ್ಗಟ್ಟೇ ಖೆಡ್ಡಾದವರ ಕೈಗೆ ಹಗ್ಗವಾಯಿತು. ಮುಂದಾಳು ಹೆಣ್ಣಾನೆ ಬಾಗಿಲು ದಾಟಿದರೆ ಹಿಂಡು ಪೂರ್ತಿ ಒಳಗೆ. ಅರ್ಥಶಾಸ್ತ್ರಕಾರ ಹಿಡಿಯಬೇಡವೆಂದ ಗರ್ಭಿಣಿಯೂ ಹಾಲೂಡಿಸುವ ತಾಯಿಯೂ ಮೊಲೆಗೂಸೂ ಎಲ್ಲ ಒಟ್ಟಿಗೆ ಬಂಧಿ.

ಕಾಕನಕೋಟೆಯ ಹೊಳೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡನ್ನು ಸೀಳಿಕೊಂಡು ಕಬಿನಿ ಹರಿಯುತ್ತದೆ. ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಮೈಸೂರಿಗೆ ಬಂದಾಗ ಖೆಡ್ಡಾ ತೋರಿಸಿದವನು ಸ್ಯಾಂಡರ್ಸನ್. 1892ರಲ್ಲಿ ಅವನು ತೀರಿಕೊಂಡ ಮೇಲೂ ಪದ್ಧತಿ ಬೆಳೆಯುತ್ತ ಹೋಯಿತು. ಹಿಂಡನ್ನು ಹೊಳೆಗಿಳಿಸಿ, ನೀರು ದಾಟಿಸಿ, ಎದುರು ದಡದ ದೊಡ್ಡಿಗೆ ಸೇರಿಸುವುದು ಕಾಕನಕೋಟೆಯ ವಿಶೇಷ. ಲಾರ್ಡ್ ಕರ್ಜನ್, ಮುಂದೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರ, 1922ರಲ್ಲಿ ಅವನ ಮಗ ಎಡ್ವರ್ಡ್, ಹೀಗೆ ಮೈಸೂರಿನ ದೊಡ್ಡ ಅತಿಥಿಗಳಿಗೆಲ್ಲ ಖೆಡ್ಡಾ ಅರಮನೆಯ ಔತಣದಷ್ಟೇ ಮುಖ್ಯವಾಯಿತು.

ಸಿದ್ಧತೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಜೇನುಕುರುಬರು, ಬೆಟ್ಟಕುರುಬರು ಹಿಂಡುಗಳ ಜಾಡು ಹಿಡಿಯುತ್ತಿದ್ದರು. ಸುತ್ತಣ ಹಳ್ಳಿ ಹಾಡಿಗಳಿಂದ ನೂರಾರು ಜನ ಕೂಡುತ್ತಿದ್ದರು. ರಾತ್ರಿಯಿಡೀ ಬೆಂಕಿ ಹಾಕಿ ಕಾವಲು, ಹಗಲು ತಮಟೆ, ಕೊಂಬು, ಬಿದಿರ ಸೀಳಿನ ಸದ್ದು. ಕೊನೆಯ ದಿನ ಹಿಂಡು ಕಾಡಿನಂಚಿಗೆ ಬಂದು ಹೊಳೆಯ ಮುಂದೆ ನಿಲ್ಲುತ್ತಿತ್ತು. ಹಿಂದೆ ಸದ್ದು, ಪಕ್ಕದಲ್ಲಿ ಕುಮ್ಕಿಗಳ, ಅಂದರೆ ಕಾಡಾನೆ ಹಿಡಿಯಲು ಪಳಗಿಸಿದ ಆನೆಗಳ, ಸಾಲು, ಎದುರಿಗೆ ನೀರು. ಹಿರಿಯ ಹೆಣ್ಣಾನೆ ಮೊದಲು ಇಳಿದರೆ ಉಳಿದವು ಹಿಂಬಾಲಿಸುತ್ತಿದ್ದವು. ದಡದ ಮೇಲೆ ಕೂತು ನೋಡುತ್ತಿದ್ದವರಿಗೆ ನೀರಿನ ಮೇಲೆ ಕಾಣುತ್ತಿದ್ದದ್ದು ದೊಡ್ಡ ತಲೆಗಳು, ಅವುಗಳ ನಡುವೆ ಮೇಲೆದ್ದ ಪುಟ್ಟ ಸೊಂಡಿಲುಗಳು. ಮರಿ ಮುಳುಗದಂತೆ ತಾಯಿ ಒಂದು ಪಕ್ಕ, ಜೊತೆಯ ಹೆಣ್ಣಾನೆ ಇನ್ನೊಂದು ಪಕ್ಕ. ಎಳೆಯ ಜೀವವನ್ನು ನೀರಿನಿಂದ ಕಾಪಾಡುತ್ತ ಅವು ತಲುಪುತ್ತಿದ್ದದ್ದು ದೊಡ್ಡಿಯ ಬಾಗಿಲಿಗೆ.

ಬಾಗಿಲು ಬಿದ್ದ ಮೇಲಿನ ಕೆಲಸ ಮಾವುತರದು. ಪಳಗಿದ ಕುಮ್ಕಿಗಳ ಮೇಲೆ ಕೂತು ಒಳಹೊಕ್ಕು, ಒಂದೊಂದೇ ಆನೆಯನ್ನು ಎರಡು ಕುಮ್ಕಿಗಳ ನಡುವೆ ಒತ್ತಿ ಹಿಡಿದು, ಕೆಳಗಿಳಿದು ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದರು. ಪ್ರಾಣದ ಹಂಗು ತೊರೆದು ಮಾಡಬೇಕಾದ ಕೆಲಸ ಅದು. ಎಳೆಯ ಮರಿಗಳಿಗೆ ಹಗ್ಗವೇ ಬೇಕಾಗುತ್ತಿರಲಿಲ್ಲ. ತಾಯಿಯನ್ನು ಮರಕ್ಕೆ ಕಟ್ಟಿದರೆ ಮರಿ ಅದರ ಕಾಲ ಬುಡದಲ್ಲೇ ನಿಲ್ಲುತ್ತಿತ್ತು. ಕಟ್ಟಿದ ಹಗ್ಗವನ್ನು ಜಗ್ಗುತ್ತಲೇ ತಾಯಿ ಅದಕ್ಕೆ ಹಾಲೂಡಿಸುತ್ತಿತ್ತು. ಸೆರೆಯ ಆಘಾತ, ಹಗ್ಗದ ಗಾಯ, ಮೇವಿನ ಬದಲಾವಣೆಗಳಿಂದ ಹಿಡಿದ ಆನೆಗಳಲ್ಲಿ ಹಲವು ಪಳಗುವ ಮೊದಲೇ ಸಾಯುತ್ತಿದ್ದವು. ಬದುಕಿದವು ನಾಟಾ ಎಳೆಯಲು, ಸೈನ್ಯದ ಸಾಮಾನು ಹೊರಲು, ದೇವಾಲಯ ಅರಮನೆಗಳ ಸೇವೆಗೆ ಹಂಚಿಹೋಗುತ್ತಿದ್ದವು. ಕಾಡಿನಲ್ಲಿ ಒಟ್ಟಿಗಿದ್ದ ಅಕ್ಕ ತಂಗಿಯರು, ತಾಯಿ ಮಗಳಂದಿರು ಹರಾಜಿನಲ್ಲಿ ಬೇರೆ ಬೇರೆ ಊರು ಸೇರುತ್ತಿದ್ದರು.

ಇದೇ ವರ್ಷಗಳಲ್ಲಿ ಮೈಸೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳಿಗೆ ಶತಮಾನಗಳ ಕಾಲ ಕಣ್ಮರೆಯಾಗಿದ್ದ 'ಅರ್ಥಶಾಸ್ತ್ರ'ದ ತಾಳೆಗರಿ ಪ್ರತಿ 1905ರಲ್ಲಿ ದೊರಕಿತು. ಮರುವರ್ಷ, 1906ರಲ್ಲಿ, ವೇಲ್ಸ್ ರಾಜಕುಮಾರನಿಗಾಗಿ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯಿತು. 1909ರಲ್ಲಿ ಆ ಗ್ರಂಥ ಮೈಸೂರಿನಿಂದಲೇ ಅಚ್ಚಾಗಿ ಹೊರಬಂತು. ತಾಯಿ ಮರಿಯನ್ನು ಹಿಡಿಯಬಾರದೆಂಬ ಎರಡು ಸಾವಿರ ವರ್ಷದ ಹಿಂದಿನ ಕಟ್ಟಳೆಯನ್ನು ಲೋಕಕ್ಕೆ ಮರಳಿ ಕೊಟ್ಟ ಊರೇ ತಾಯಿ ಮರಿಗಳನ್ನು ಒಟ್ಟಿಗೆ ಹಿಡಿಯುವ ಕಲೆಗೂ ರಾಜಧಾನಿಯಾಗಿತ್ತು.

ಖೆಡ್ಡಾದ ಕೀರ್ತಿ ಸಿನಿಮಾಕ್ಕೂ ಹಬ್ಬಿತು. 1937ರ 'ಎಲಿಫೆಂಟ್ ಬಾಯ್' ಚಿತ್ರವನ್ನು ರಾಬರ್ಟ್ ಫ್ಲಾಹರ್ಟಿ ಮೈಸೂರಿನ ಕಾಡಿನಲ್ಲಿ ಚಿತ್ರಿಸಿದ. ಅದರಲ್ಲಿ ನಟಿಸಿ ಜಗತ್ಪ್ರಸಿದ್ಧನಾದ ಸಾಬು 1924ರಲ್ಲಿ ಕಾಕನಕೋಟೆಯ ಸಮೀಪದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಕಾಕನಕೋಟೆಯ ಕಾಡಿನ ಜನರನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ನಾಟಕ ಮುಂದೆ ಕನ್ನಡ ಚಲನಚಿತ್ರವೂ ಆಯಿತು.

ದೊಡ್ಡಿಯಿಂದ ಬಿಡಾರಕ್ಕೆ

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1977ರಲ್ಲಿ ಆನೆ ಆ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಹಿಂಡನ್ನು ಹಿಡಿಯುವ ಕಸುಬಿಗೆ ಅಲ್ಲಿಗೆ ತೆರೆ ಬಿತ್ತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಕಾಕನಕೋಟೆಯ ಹಳೆಯ ಹೊಳೆದಂಡೆಯನ್ನು ಮುಳುಗಿಸಿತು. ದೊಡ್ಡಿಯ ಕಂಬಗಳು ನಿಂತಿದ್ದ ನೆಲವೂ ನೀರಿನಡಿ ಸೇರಿತು.

ಹಿಡಿದ ಆನೆಗಳೂ ಅವುಗಳ ಸಂತತಿಯೂ ಉಳಿದದ್ದು ಅರಣ್ಯ ಇಲಾಖೆಯ ಬಿಡಾರಗಳಲ್ಲಿ: ಕೊಡಗಿನ ದುಬಾರೆ, ಶಿವಮೊಗ್ಗದ ಸಕ್ರೆಬೈಲು, ನಾಗರಹೊಳೆಯ ಮತ್ತಿಗೋಡು, ಬಳ್ಳೆ. ಎಂಟು ಬಾರಿ ದಸರಾ ಅಂಬಾರಿ ಹೊತ್ತು, 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಮಡಿದ ಅರ್ಜುನ, 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ್ದವನು.

ಬಿಡಾರದ ಆನೆಗಳನ್ನು ಸಂಜೆಗೆ ಮೇಯಲು ಕಾಡಿಗೆ ಬಿಡುವುದು ರೂಢಿ. ಕಾಲಿನ ಸರಪಳಿ ಎಳೆದ ಗುರುತು ಹಿಡಿದು ಮಾವುತರ ಸಹಾಯಕರಾದ ಕಾವಾಡಿಗಳು ಬೆಳಿಗ್ಗೆ ಹುಡುಕಿ ಕರೆತರುತ್ತಾರೆ. ಹೀಗೆ ಹೋದ ಹೆಣ್ಣಾನೆಗಳು ಕಾಡಿನ ಸಲಗಗಳನ್ನು ಕೂಡಿ ಬಸಿರಾಗುವುದುಂಟು. ಬಿಡಾರದಲ್ಲಿ ಹುಟ್ಟುವ ಎಷ್ಟೋ ಮರಿಗಳ ತಂದೆ ಕಾಡಿನವನು. ಹೆರಿಗೆ ಹತ್ತಿರವಾದಾಗ ಬಸುರಿ ಆನೆ ತನ್ನ ಜೊತೆಗೊಂದು ಹೆಣ್ಣಾನೆಯನ್ನು ಇಟ್ಟುಕೊಳ್ಳುತ್ತದೆ. ಆ ಸಂಗಾತಿ ಸೂಲಗಿತ್ತಿಯಂತೆ ಪಕ್ಕದಲ್ಲಿ ನಿಂತು, ಮರಿ ಹುಟ್ಟಿದ ಮೇಲೂ ಕಾವಲಿರುತ್ತದೆ. ಬರ್ಮಾದ ತೇಗದ ಕಾಡುಗಳ ಆನೆ ಬಿಡಾರಗಳಲ್ಲೂ ಇದನ್ನೇ ಕಂಡಿದ್ದಾರೆ. ಅಕ್ಕ ತಂಗಿಯರಿಂದ ಅಗಲಿಸಿದರೂ ಹೆಣ್ಣಾನೆ ಹೊಸ ಅಕ್ಕ ತಂಗಿಯರನ್ನು ಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಬಾಣಂತಿ ಆನೆಗೆ ಮಾವುತನ ಮನೆಯವರು ರಾಗಿಮುದ್ದೆ, ಬೆಲ್ಲ, ಭತ್ತ ಬೆಲ್ಲ ಸೇರಿಸಿ ಹುಲ್ಲಿನಲ್ಲಿ ಸುತ್ತಿದ ಕುಸುರೆ ಕೊಟ್ಟು ಆರೈಕೆ ಮಾಡುತ್ತಾರೆ. ಮರಿಗೆ ಎರಡು ವರ್ಷ ದಾಟಿದ ಮೇಲೆ ಪೂಜೆ ಮಾಡಿ ತಾಯಿಯಿಂದ ಬೇರ್ಪಡಿಸಿ ಮಾತು ಕಲಿಸಲು ತೊಡಗುತ್ತಾರೆ. ಆ ಕೆಲವು ದಿನ ತಾಯಿಯೂ ಮರಿಯೂ ಒಂದನ್ನೊಂದು ಕೂಗುತ್ತಲೇ ಇರುತ್ತವೆ. ಬಿಡಾರದ ಜೀವನದಲ್ಲಿ ಅತ್ಯಂತ ಕಷ್ಟದ ಗಳಿಗೆ ಅದು.

ಮೈಸೂರು ಅರಮನೆಯ ಅಂಗಳವೂ ಆನೆಯ ಹೆರಿಗೆ ಕಂಡಿದೆ. 2007ರಲ್ಲಿ ದಸರೆಗೆ ಬಂದಿದ್ದ ಸರಳಾ ಹೆಣ್ಣು ಮರಿ ಹಾಕಿತು, ಅದಕ್ಕೆ ಚಾಮುಂಡಿ ಎಂದು ಹೆಸರಾಯಿತು. 2022ರ ಸೆಪ್ಟೆಂಬರ್ 13ರ ರಾತ್ರಿ ಬಂಡೀಪುರದ ರಾಮಾಪುರ ಬಿ‌ಡಾರದ ಲಕ್ಷ್ಮಿ ಅರಮನೆ ಆವರಣದಲ್ಲೇ ಗಂಡು ಮರಿಗೆ ಜನ್ಮ ನೀಡಿತು. ರಾಜವಂಶದ ಪ್ರಮೋದಾದೇವಿ ಒಡೆಯರ್ ಮರಿಗೆ ಶ್ರೀ ದತ್ತಾತ್ರೇಯ ಎಂದು ಹೆಸರಿಟ್ಟರು. ತಾಯಿ ಮರಿಯನ್ನು ಮತ್ತೆ ಕಾಡಿನ ಬಿಡಾರಕ್ಕೆ ಕಳಿಸಲಾಯಿತು. ಈಗ ದಸರೆಗೆ ಹೆಣ್ಣಾನೆಗಳನ್ನು ಆರಿಸುವ ಮೊದಲು ಗರ್ಭ ಪರೀಕ್ಷೆ ನಡೆಸಿ, ಬಸುರಿಯನ್ನು ಬಿಡಾರದಲ್ಲೇ ಉಳಿಸುತ್ತಾರೆ. ಗರ್ಭಿಣಿಯನ್ನು ಕೆಲಸಕ್ಕೆ ಎಳೆಯಬಾರದೆಂಬ ಹಳೆಯ ವಿವೇಕ ಹೊಸ ರೂಪದಲ್ಲಿ ಮರಳಿದೆ.

ತಬ್ಬಲಿ ಮರಿಗಳ ಪಾಲನೆ ಈ ಪರಂಪರೆಯ ಇನ್ನೊಂದು ಮುಖ. ಬಂಡೀಪುರಕ್ಕೆ ತಾಗಿದ ಮುದುಮಲೆಯ ತೆಪ್ಪಕಾಡು ಬಿಡಾರದಲ್ಲಿ ರಘು, ಅಮ್ಮು ಎಂಬ ಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಕಥೆ ಹೇಳಿದ ಸಾಕ್ಷ್ಯಚಿತ್ರ 2023ರಲ್ಲಿ ಆಸ್ಕರ್ ಪಡೆಯಿತು. ಅವರು ಸೇರಿದ ಕಾಟ್ಟುನಾಯಕರು ನಮ್ಮ ಜೇನುಕುರುಬರ ಬಂಧುಗಳೇ. ಆದರೆ ಮನುಷ್ಯನ ಆರೈಕೆ ಎಷ್ಟೇ ಒಳ್ಳೆಯದಾದರೂ ಅದು ಎರಡನೆಯ ಆಯ್ಕೆ. ಹಿಂಡಿನಿಂದ ತಪ್ಪಿಸಿಕೊಂಡ ಮರಿ ಸಿಕ್ಕಿದರೆ ಅರಣ್ಯ ಸಿಬ್ಬಂದಿ ಮೊದಲು ಹಿಂಡನ್ನು ಹುಡುಕಿ ಮರಿಯನ್ನು ಅದಕ್ಕೆ ಸೇರಿಸಲು ನೋಡುತ್ತಾರೆ.

ಮುಳುಗಿದ ನೆಲದ ಮೇಲೆ

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಮುಳುಗಿದ್ದ ನೆಲ ಹೊರಬಂದು ಹಸಿರು ಹುಲ್ಲು ಹಾಸುತ್ತದೆ. ಮಾರ್ಚಿಯಿಂದ ಮೇ ತನಕ ನಾಗರಹೊಳೆ, ಬಂಡೀಪುರದ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಯಲಿನಲ್ಲಿ ಒಟ್ಟಿಗೆ ಕಾಣುವ ಜಾಗಗಳು ತೀರ ಕಡಿಮೆ. ಒಂದು ಕಾಲದಲ್ಲಿ ಹಿಡಿಯಲೆಂದು ಹಿಂಡುಗಳನ್ನು ಎಣಿಸುತ್ತಿದ್ದ ಈ ದಡದಲ್ಲೇ ಇಂದು ತಿಳಿಯಲೆಂದು ಎಣಿಸುತ್ತಿದ್ದಾರೆ.

ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಅಧ್ಯಯನ ಆರಂಭಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಅವರ ತಂಡ 2009ರಿಂದ ಕಬಿನಿಯ ಆನೆಗಳನ್ನು ಒಂದೊಂದಾಗಿ ಗುರುತು ಹಿಡಿದು ದಾಖಲಿಸುತ್ತಿದೆ. ಕಿವಿಯ ಹರಿದ ಅಂಚು, ಬಾಲದ ಕೂದಲು, ಬೆನ್ನಿನ ಆಕಾರ, ಇವೇ ಅವರ ಗುರುತು ಚೀಟಿ. ಅವರ ಕೆಲಸದಿಂದ ತಿಳಿದದ್ದು ಇದು: ಹೆಣ್ಣಾನೆಗಳು ದೊಡ್ಡ ಕುಲಗಳಾಗಿ ಬದುಕುತ್ತವೆ, ಒಂದೇ ಕುಲದವು ದಿನವೂ ಒಟ್ಟಿಗೆ ನಡೆಯುವುದಿಲ್ಲ. ಇಂದು ಎರಡು ಮೂರಾಗಿ ಬೇರೆಯಾಗುತ್ತವೆ, ನಾಳೆ ಬೇರೆ ಜೊತೆಗಾತಿಯರೊಡನೆ ಕೂಡುತ್ತವೆ. ಮರಿಗೆ ತಾಯಿಯಲ್ಲದೆ ಇಡೀ ಕುಲವೇ ಬಂಧುಬಳಗ.

2022ರ ಏಪ್ರಿಲ್‌ನಲ್ಲಿ ಬಂಡೀಪುರದ ಸಫಾರಿ ವಲಯದಲ್ಲಿ ಕಾಡಾನೆಯೊಂದು ಅವಳಿ ಮರಿಗಳನ್ನು ಹಾಕಿತು. ಆನೆಗಳಲ್ಲಿ ಅವಳಿ ಅತಿ ಅಪರೂಪ. ಎರಡು ಮರಿಗಳಿಗೆ ಹಾಲೂಡಿಸಿ ಎರಡನ್ನೂ ಉಳಿಸಿಕೊಳ್ಳುವುದು ತಾಯಿಗೆ ಕಷ್ಟ. ಅಂಥಲ್ಲಿ ಹಿಂಡಿನ ನೆರವೇ ಮುಖ್ಯ.

ಕರ್ನಾಟಕದಲ್ಲಿ 2023ರ ಗಣತಿಯಂತೆ 6,395 ಆನೆಗಳಿದ್ದವು. ವಂಶವಾಹಿ ಪರೀಕ್ಷೆಯ ಆಧಾರದಲ್ಲಿ 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಲ್ಲಿ ದೇಶದ ಆನೆಗಳ ಸಂಖ್ಯೆ 22,446, ಕರ್ನಾಟಕದ್ದು 6,013. ಎರಡೂ ಲೆಕ್ಕದಲ್ಲಿ ಕರ್ನಾಟಕವೇ ಮೊದಲು. ಹಿಂಡುಗಳು ದಾಟುವ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿಷೇಧವಿದೆ.

ಗಡಿಯಾಚೆಗೆ

ಶ್ರೇಷ್ಠ ಆನೆಗಳ ನಾಡೆನಿಸಿದ್ದ ಕಳಿಂಗದ ದಕ್ಷಿಣ ಸೀಮೆಯಲ್ಲಿ ಇಂದು ಆನೆ ಅಪರೂಪದ ಅತಿಥಿ. ಆಂಧ್ರದ ಕಾಡುಗಳಿಂದ ಆನೆ ಬಹಳ ಹಿಂದೆಯೇ ಕಣ್ಮರೆಯಾಗಿತ್ತು. 1980ರ ದಶಕದಲ್ಲಿ ಕರ್ನಾಟಕ, ತಮಿಳುನಾಡಿನ ಕಡೆಯಿಂದ ಹಿಂಡುಗಳು ಚಿತ್ತೂರಿನ ಗುಡ್ಡಗಳಿಗೆ ಬಂದು ನೆಲೆಸಿದವು. ಅವಕ್ಕಾಗಿ ಕೌಂಡಿನ್ಯ ಅಭಯಾರಣ್ಯ ರೂಪುಗೊಂಡಿತು. ಉತ್ತರದಲ್ಲಿ ಒಡಿಶಾದಿಂದ ಇಳಿದ ಸಣ್ಣ ಹಿಂಡುಗಳು ಶ್ರೀಕಾಕುಳಂ, ಪಾರ್ವತೀಪುರಂ ಮನ್ಯಂ ಜಿಲ್ಲೆಗಳ ಹೊಲಗಳ ನಡುವೆ ಅಲೆಯುತ್ತಿವೆ. 2023ರ ಮೇ ತಿಂಗಳಲ್ಲಿ ಪಾರ್ವತೀಪುರಂ ಮನ್ಯಂ ಜಿಲ್ಲೆಯ ಭಾಮಿನಿ ಮಂಡಲದಲ್ಲಿ ಒಂದೇ ಬಾರಿಗೆ ನಾಲ್ಕು ಆನೆಗಳು ವಿದ್ಯುತ್ ತಗಲಿ ಸತ್ತವು. ಹುಲಿಯೆದುರು ಹೊರಸುತ್ತಾಗಿ ನಿಲ್ಲಬಲ್ಲ ಹೆಣ್ಣಾನೆಗೆ ತಂತಿಯೊಳಗಿನ ಸಾವು ಕಾಣುವುದಿಲ್ಲ. ಒತ್ತಾಗಿ ನಡೆಯುವ ಹಿಂಡು ಒಟ್ಟಾಗಿಯೇ ಅದಕ್ಕೆ ಸಿಕ್ಕುತ್ತದೆ.

ಖೆಡ್ಡಾದ ಕಾಲದಲ್ಲಿ ಬೆಳೆದ ಮಾವುತರ ವಿದ್ಯೆ ಇಂಥಲ್ಲಿ ಬೇರೆ ಕೆಲಸಕ್ಕೆ ಬರುತ್ತಿದೆ. ಕರ್ನಾಟಕ ಮತ್ತು ಆಂಧ್ರ ಸರ್ಕಾರಗಳು 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡದಲ್ಲಿ ಒಪ್ಪಂದ ಮಾಡಿಕೊಂಡವು. 2025ರ ಮೇ 21ರಂದು ವಿಧಾನಸೌಧದ ಮುಂದೆ ಕರ್ನಾಟಕದ ನಾಲ್ಕು ಕುಮ್ಕಿ ಆನೆಗಳನ್ನು ಆಂಧ್ರಕ್ಕೆ ಹಸ್ತಾಂತರಿಸಲಾಯಿತು. ಹಿಂದೆ ಹಿಂಡನ್ನು ದೊಡ್ಡಿಗೆ ತಳ್ಳುತ್ತಿದ್ದ ಕುಮ್ಕಿ ಈಗ ಹಿಂಡನ್ನು ಹೊಲದಿಂದ ಕಾಡಿಗೆ ಮರಳಿಸಬೇಕು.

ಆ ಕೆಲಸಕ್ಕೂ ಹಿಂಡಿನ ಬಾಣಂತನದ ಅರಿವೇ ಆಧಾರ. ಮರಿಯಿರುವ ಹಿಂಡನ್ನು ಪಟಾಕಿ ಸಿಡಿಸಿ ಬೆನ್ನಟ್ಟಿದರೆ ಅದು ಓಡದೆ ತಿರುಗಿ ನಿಲ್ಲುತ್ತದೆ, ಮನುಷ್ಯನೂ ಸಾಯುತ್ತಾನೆ, ಮರಿಯೂ ತಪ್ಪಿಹೋಗುತ್ತದೆ. ಹೊಲದಂಚಿನಲ್ಲಿ ಆನೆ ಮರಿ ಹಾಕಿದ ಸುದ್ದಿ ಬಂದರೆ ಜನ ಸೇರಬಾರದು, ಫೋಟೊಕ್ಕಾಗಿ ಹತ್ತಿರ ಹೋಗಬಾರದು, ಅರಣ್ಯ ಇಲಾಖೆಗೆ ತಿಳಿಸಿ ದೂರ ಸರಿಯಬೇಕು. ಹಿಂಡು ಅಲ್ಲಿ ಬಹಳ ದಿನ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಮರಿಯ ಕಾಲು ಗಟ್ಟಿಯಾಗುವ ಎರಡು ದಿನ, ಅಷ್ಟನ್ನು ಮನುಷ್ಯರು ಬಿಟ್ಟುಕೊಡಬೇಕು.